ಟರ್ಬೋ ಕೂರಿಸುವ ಜಾಗ

ಐಸಣ್ಣ ಯಾವ ತೀರ್ಮಾನವನ್ನೂ ಒಂದೇ ಸಲಕ್ಕೆ ಮಾಡಿದವನಲ್ಲ. ಬೆಳಿಗ್ಗೆ ಮೂರು ಅಂಗಿ ಹಾಕಿ ಬಿಚ್ಚಿ, ಕೊನೆಗೆ ನಿನ್ನೆ ಹಾಕಿದ್ದನ್ನೇ ಸಿಕ್ಕಿಸಿಕೊಂಡು ಹೊರಡುವ ಮನುಷ್ಯ. ಅಂಥವನಿಗೆ ಆ ಸೋಮವಾರ ಎಂಟು ಗಂಟೆಗೆ ಗ್ಯಾರೇಜಿನ ಮೇಸ್ತ್ರಿ ಒಂದು ಪ್ರಶ್ನೆ ಕೇಳಿಬಿಟ್ಟ.

"ಟರ್ಬೋ ತಂದಿದೀಯ, ಸರಿ. ಎಲ್ಲಿ ಕೂರಿಸಲಿ?"

ಆದ ಅನಾಹುತಕ್ಕೆಲ್ಲ ಇದೇ ಮೂಲ ನೋಡಿ. ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಎಲ್ಲೋ ಒಂದು ಕಡೆ ಕೂರಿಸಿಬಿಟ್ಟಿದ್ದರೆ ನಾನು ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಐಸಣ್ಣನ ಕೆಲಸ ಐಸ್ ಸಾಗಿಸುವುದು. ತಗ್ಗಿನಲ್ಲಿರುವ ಐಸ್ ಫ್ಯಾಕ್ಟರಿಯಿಂದ ದಿಬ್ಬದ ತುದಿಯ ಆಸ್ಪತ್ರೆಗೆ ದಿನಾ ಇಪ್ಪತ್ತು ಗಡ್ಡೆ, ಒಂದೊಂದೂ ಮೊಣಕಾಲೆತ್ತರ. ಆಸ್ಪತ್ರೆಯ ಕೂಲಿಂಗ್ ಯಂತ್ರ ಕೆಟ್ಟು ಒಂದು ವರ್ಷವಾಗಿತ್ತು. ಸ್ವಲ್ಪ ಐಸ್ ಅಡುಗೆಮನೆಗೆ, ಸ್ವಲ್ಪ ಔಷಧಿ ಪೆಟ್ಟಿಗೆಗೆ, ಮಿಕ್ಕಿದ್ದು ಹಿಂದಿನ ಕಟ್ಟಡಕ್ಕೆ. ಹಿಂದಿನ ಕಟ್ಟಡದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿರುವವರು ಐಸ್ ಸಾಲಲಿಲ್ಲ ಅಂತ ದೂರು ಹೇಳುವವರಲ್ಲ. ಅವರ ಪರವಾಗಿ ಸ್ಟೋರ್ ಕೀಪರಮ್ಮ ದಿನಾ ಹೇಳುತ್ತಿದ್ದರು.

ತಪ್ಪು ಐಸಣ್ಣನದಲ್ಲ, ಗಾಡಿಯದು. ಹದಿನಾಲ್ಕು ವರ್ಷದ ತಿಳಿನೀಲಿ ಪಿಕಪ್ಪು ಬಯಲಿನಲ್ಲಿ ಹುಲಿ. ದಿಬ್ಬದ ಏಳು ತಿರುವು ಕಂಡ ಕೂಡಲೇ ಕೆಮ್ಮಿ, ಕ್ಯಾಕರಿಸಿ, ಮೊದಲನೇ ಗೇರಿನಲ್ಲಿ ತೆವಳುತ್ತಿತ್ತು. ಸೈಕಲ್ಲಿಂದ ಇಳಿದು ತಳ್ಳಿಕೊಂಡು ಹೋಗುವ ಹಾಲಿನವನೂ ಅದನ್ನು ಹಿಂದೆ ಹಾಕಿ ಹೋಗುತ್ತಿದ್ದ. ಹತ್ತಲು ಐವತ್ತು ನಿಮಿಷ. ಅಷ್ಟರಲ್ಲಿ ಇಪ್ಪತ್ತು ಗಡ್ಡೆ ಹದಿನಾಲ್ಕಾಗಿ, ಮಿಕ್ಕ ಆರು ರಸ್ತೆಯುದ್ದಕ್ಕೂ ಗೆರೆ ಎಳೆದುಕೊಂಡು ಬರುತ್ತಿದ್ದವು.

ಕೊನೆಗೆ ಸ್ಟೋರ್ ಕೀಪರಮ್ಮ ಖಡಾಖಂಡಿತ ಹೇಳಿದ್ದರು. "ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಇಪ್ಪತ್ತಕ್ಕೆ ಇಪ್ಪತ್ತೂ ಇಡಿಯಾಗಿ ಬಂದ್ರೆ ಒಂದು ವರ್ಷದ ಕರಾರು ನಿಮ್ಮ ಗಾಡಿಗೆ. ಇಲ್ಲಾಂದ್ರೆ ದೊಡ್ಡ ಲಾರಿಯವನು ಕಾಯ್ತಿದಾನೆ."

ಲಾರಿಯವನು ಬಂದರೆ ಪಿಕಪ್ಪು ಮನೆ ಮುಂದೆ ನಿಲ್ಲುತ್ತದೆ, ಐಸಣ್ಣ ಹೆಂಡತಿಯ ಅಣ್ಣನ ಟೈಲ್ಸ್ ಅಂಗಡಿಗೆ ಹೋಗಬೇಕಾಗುತ್ತದೆ. ಇದು ಅವನಿಗೆ ಸಾವಿಗಿಂತ ಹೆಚ್ಚಿನ ಭಯ. ಹನ್ನೊಂದು ವರ್ಷ ಕಂಡವರ ಗಾಡಿ ಓಡಿಸಿ, "ಬಾರೋ, ಹೋಗೋ" ಅನ್ನಿಸಿಕೊಂಡು, ತನ್ನದು ಅಂತ ಒಂದು ಗಾಡಿ ಮಾಡಿಕೊಂಡ ದಿನವೇ ಅವನು ಶಪಥ ಮಾಡಿದ್ದ. ಇನ್ನು ಈ ಜನ್ಮದಲ್ಲಿ ಯಾರ ಕೈಕೆಳಗೂ ದುಡಿಯುವುದಿಲ್ಲ. ಒಬ್ಬ ಯಜಮಾನನ ಮುಂದೆಯೂ ಕೈ ಕಟ್ಟಿ ನಿಲ್ಲುವುದಿಲ್ಲ. ಅವನು ಬದಲಾಯಿಸದೆ ಉಳಿಸಿಕೊಂಡ ಒಂದೇ ಒಂದು ತೀರ್ಮಾನ ಅದು.

ಅದಕ್ಕೇ ಹಳೇ ಸಾಮಾನಿನ ಅಂಗಡಿಯಿಂದ ಟರ್ಬೋ ತಂದದ್ದು. ನೋಡಲು ಬಸವನಹುಳು ಚಿಪ್ಪಿನಂಥ ಕಬ್ಬಿಣದ ಉಂಡೆ, ಒಳಗೊಂದು ಪುಟ್ಟ ಚಕ್ರ. ಇಂಜಿನ್ನು ಬಿಡುವ ಹೊಗೆ ಆ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿನ ಬಾಯಿಗೆ ತುರುಕುತ್ತದೆ, ಗಾಡಿಗೆ ದಮ್ಮು ಬರುತ್ತದೆ. ಜೋರಾಗಿ ತಿರುಗುವಾಗ ಸಣ್ಣಗೆ ಸಿಳ್ಳೆ ಹೊಡೆಯುತ್ತದೆ. ಇಷ್ಟೇ ವಿಷಯ.

"ನೀವೇ ಹೇಳಿ ಮೇಸ್ತ್ರಿ, ಎಲ್ಲಿ ಒಳ್ಳೇದು?" ಅಂದ ಐಸಣ್ಣ.

"ನಾನು ಹೇಳಲ್ಲ. ನಾನು ಹೇಳಿದ್ರೆ ನಾಳೆ ನನ್ನ ತಲೆಗೆ ಕಟ್ತೀಯ. ಬಾನೆಟ್ ಒಳಗೆ ಮೇಲ್ಗಡೆ ಇಟ್ರೆ ಕೈಗೆ ಸಿಗುತ್ತೆ, ಆದ್ರೆ ಕಾಯುತ್ತೆ. ಕೆಳಗಡೆ ಇಟ್ರೆ ಜಾಗ ಇದೆ, ಆದ್ರೆ ರಸ್ತೆ ನೀರು ಹಾರುತ್ತೆ. ಹಿಂದೆ ಸೈಲೆನ್ಸರ್ ಹತ್ರ ಇಟ್ರೆ ತಂಪು, ಆದ್ರೆ ಉದ್ದ ಪೈಪ್ ಎಳೀಬೇಕು. ದಿನಾ ಓಡೋ ಗಾಡಿ ನಿಂದು, ಒಂದಿನದ ಶೋಕಿ ಅಲ್ಲ. ಬೇಗ ಹೇಳು, ಮೂರು ಗಂಟೆ ಕೆಲಸ."

"ಮೇಲೇ ಇಡಿ," ಅಂದ ಐಸಣ್ಣ. ಅವನ ಆಯುಷ್ಯದಲ್ಲೇ ಅಷ್ಟು ಬೇಗ ಹೇಳಿದ ಮಾತು ಬೇರೆ ಇಲ್ಲ. ಆದರೆ ಅದೇ ಗಳಿಗೆಗೆ ಐಸಣ್ಣನ ಪಕ್ಕದ ಮನೆಯ ಬಾಯ್ಲರ್ ಸಾಹೇಬರು ಬಂದರು.

ಬಾಯ್ಲರ್ ಸಾಹೇಬರು ಮೂವತ್ತೆರಡು ವರ್ಷ ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡಿ ನಿವೃತ್ತರಾದವರು. ಬಿಸಿಯಾಗುವ ಯಾವುದೇ ವಸ್ತು ಕಂಡರೂ ಅದರೊಳಗೆ ಮೂಗು ತೂರಿಸುವುದು ಅವರ ಹಕ್ಕು. ಹೆಂಡತಿ ಒಲೆ ಮೇಲೆ ಹಾಲಿಟ್ಟರೂ ಎರಡು ಹೆಜ್ಜೆ ಹಿಂದೆ ನಿಂತು ಗಮನಿಸುತ್ತಿದ್ದರು.

"ಮೇಲೆ ಇಡ್ತೀರಾ? ಬ್ಯಾಟರಿ ಪಕ್ಕದಲ್ಲಿ? ಬ್ರೇಕ್ ಆಯಿಲ್ ಡಬ್ಬಿ ಪಕ್ಕದಲ್ಲಿ?" ಅಂತ ಕನ್ನಡಕ ಸರಿ ಮಾಡಿಕೊಂಡರು. "ಐಸಣ್ಣ, ಎರಡು ಮಕ್ಕಳ ತಂದೆ ಕಣಯ್ಯ ನೀನು. ಹಿಂದೆ ಇಡು. ಬೆಂಕಿ ಯಾವಾಗಲೂ ನಮ್ಮ ಹಿಂದೆ ಇರಬೇಕು, ಮುಂದೆ ಅಲ್ಲ."

"ಹಂಗಾದ್ರೆ ಹಿಂದೇನೇ ಇಡಿ ಮೇಸ್ತ್ರಿ," ಅಂದ ಐಸಣ್ಣ.

ಮೇಸ್ತ್ರಿ ಮುಂದೆ ಬಿಚ್ಚಿದ ಬೋಲ್ಟುಗಳನ್ನು ಮತ್ತೆ ಹಾಕಿ ಹಿಂದಕ್ಕೆ ಹೋದ. ಅಷ್ಟರಲ್ಲಿ ಟೈಲ್ಸ್ ಅಂಗಡಿಯ ಭಾವ ಬಂದ. ತಂಗಿಯ ಗಂಡ ಇವತ್ತು ಸೋತರೆ ನಾಳೆಯೇ ಅವನನ್ನು ಅಂಗಡಿಗೆ ಕರೆದುಕೊಳ್ಳುವ ಆತುರ ಅವನಿಗೆ. ಹಾಗಂತ ಸಲಹೆ ಕೊಡುವ ಅವಕಾಶ ಬಿಡುವ ಆಸಾಮಿಯೂ ಅಲ್ಲ.

"ಹಿಂದೆ ಇಡ್ತಾರೇನೋ ಟರ್ಬೋನ? ಮೂಗು ಮುಂದೆ ಇರತ್ತೋ ಬೆನ್ನಲ್ಲಿ ಇರತ್ತೋ? ಕೆಂಡದ ಉಂಡೆ ಅದು, ಅದರ ಮೇಲೆ ಐಸ್ ಹೇರ್ತೀಯಾ? ದಿಬ್ಬ ಹತ್ತಿದ ಮೇಲೆ ಆಸ್ಪತ್ರೆಗೆ ಬಿಸಿನೀರು ಇಳಿಸ್ತೀಯಾ?"

"ಅದೂ ಹೌದು. ಮುಂದೇನೇ ಇಡಿ ಮೇಸ್ತ್ರಿ."

"ಎರಡೂ ಕಡೆ ಕಬ್ಬಿಣದ ತಗಡು ಕೊಟ್ರೆ ಏನೂ ಆಗಲ್ಲ," ಅಂದರು ಸಾಹೇಬರು ಬಿಡದೆ.

"ಹಿಂದೆ ಇಟ್ಟು ತಗಡು ಕೊಡಿ."

"ತಗಡಿನ ಭಾರ ಯಾರು ಎಳೀತಾರೆ?" ಅಂದ ಭಾವ.

"ಮುಂದೆ, ಆದ್ರೆ ಕೆಳಗಡೆ ಇಡಿ."

ಅಷ್ಟು ಹೊತ್ತಿಗೆ ಮನೆಯಿಂದ ಹೆಂಡತಿಯ ಫೋನು ಬಂತು. "ರೀ, ಎಲ್ಲಿ ಬೇಕಾದ್ರೂ ಇಡಿಸಿ, ನನ್ನ ಕಣ್ಣಿಗೆ ಕಾಣದ ಜಾಗದಲ್ಲಿ ಇಡಿಸಿ. ಇಲ್ಲಾಂದ್ರೆ ಸುಮ್ನೆ ಅಣ್ಣನ ಅಂಗಡಿಗೆ ಹೋಗಿ ಕೂತ್ಕೊಳ್ಳಿ." ಐಸಣ್ಣನ ತಲೆ ಗಿರ್ರೆಂದಿತು. ಮೇಸ್ತ್ರಿ ಗಾಡಿಯ ಮುಂದಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಐದು ಸಲ ಓಡಾಡಿದ್ದ. ಅವನ ಮುಖ ಟೊಮೆಟೋ ಹಣ್ಣಾಗಿತ್ತು.

ಬಾಯ್ಲರ್ ಸಾಹೇಬರು ಮಾತ್ರ ಸುಮ್ಮನಿರದೆ ಜಾಗ ತೋರಿಸುತ್ತೇನೆಂದು ಗಾಡಿಯ ಹಿಂಭಾಗದ ಕೆಳಗೆ ಅಂಗಾತ ತೂರಿದ್ದರು. ಐದು ನಿಮಿಷದ ಮೇಲೆ ಧೂಳು ಕೊಡವಿಕೊಂಡು ಹೊರಗೆ ಬಂದರು.

"ಟಾರ್ಚ್ ಕೊಟ್ಟಿದ್ದು ಒಳ್ಳೇದಾಯ್ತು ಮೇಸ್ತ್ರಿ. ಬೇಕಾದಷ್ಟು ಜಾಗ ಇದೆ ಅಲ್ಲಿ."

"ನಾನೆಲ್ಲಿ ಟಾರ್ಚ್ ಕೊಟ್ಟೆ? ನಾನು ಇಲ್ಲೇ ಮುಂದೆ ಇದೀನಲ್ಲ."

"ಪಕ್ಕದಲ್ಲಿ ಮಲಗಿದ್ರಲ್ಲ! ಟಾರ್ಚ್ ಕೊಡಿ ಅಂದೆ, ಕೊಟ್ರಿ."

ಮೇಸ್ತ್ರಿ, ಭಾವ, ಐಸಣ್ಣ ಮೂವರೂ ಬಗ್ಗಿ ನೋಡಿದರು. ಗಾಡಿಯ ಕೆಳಗೆ ಯಾರೂ ಇರಲಿಲ್ಲ. ಒಣ ನೆಲದ ಮೇಲೆ, ಸಾಹೇಬರು ಮಲಗಿದ್ದ ಜಾಗದ ಪಕ್ಕ, ಒಬ್ಬ ಆಳುದ್ದದ ಒದ್ದೆ ಗುರುತು ಮಾತ್ರ ಇತ್ತು.

"ಐಸ್ ಗಾಡಿ ಅಲ್ವಾ, ಸೋರಿರತ್ತೆ," ಅಂದ ಭಾವ. ನಿನ್ನೆ ಸಂಜೆಯಿಂದ ಗಾಡಿಯಲ್ಲಿ ಒಂದು ಚೂರೂ ಐಸ್ ಇರಲಿಲ್ಲ ಅಂತ ಐಸಣ್ಣನಿಗೆ ಗೊತ್ತಿತ್ತು. ಹೇಳಲು ಧೈರ್ಯವಾಗಲಿಲ್ಲ.

ಹತ್ತೂವರೆಗೆ ಮೇಸ್ತ್ರಿಯ ತಾಳ್ಮೆಯ ಕಟ್ಟೆ ಒಡೆಯಿತು. ಸ್ಪ್ಯಾನರ್ ಎತ್ತಿ ಹಿಡಿದು, "ಮೂರು ಜನಾನೂ ಹೊರಗೆ ಹೋಗಿ! ಟೀ ಅಂಗಡೀಲಿ ಕೂತು ಜಗಳ ಆಡಿ, ತೀರ್ಮಾನ ಆದ್ಮೇಲೆ ಬನ್ನಿ!" ಅಂತ ಕೂಗಿ ಎಲ್ಲರನ್ನೂ ಅಟ್ಟಿದ.

ಟೀ ಅಂಗಡಿಯಲ್ಲಿ ತೀರ್ಮಾನ ಆಗಲಿಲ್ಲ. ಆಗುವುದಾದರೂ ಹೇಗೆ? ಸಾಹೇಬರು ಮೇಜಿನ ಮೇಲೆ ಟೀ ಚೆಲ್ಲಿ ಅದರಲ್ಲೇ ಬೆರಳಾಡಿಸಿ ಪೈಪಿನ ನಕ್ಷೆ ಬರೆದರು, ಭಾವ ಅದನ್ನು ಅಂಗೈಯಲ್ಲಿ ಒರೆಸಿ ತನ್ನ ನಕ್ಷೆ ಬರೆದ. ಐಸಣ್ಣ ಗಡಿಯಾರ ನೋಡುತ್ತ ಕೂತ. ಹನ್ನೊಂದೂ ಕಾಲಾದಾಗ ಅವನು ಕೂರಲಾಗದೆ ಎದ್ದು ಗ್ಯಾರೇಜಿಗೆ ಓಡಿದ. ಮಿಕ್ಕಿಬ್ಬರೂ ಬೆನ್ನು ಹತ್ತಿದರು.

ಗಾಡಿ ಗ್ಯಾರೇಜಿನ ಹೊರಗೆ, ರಸ್ತೆಗೆ ಮುಖ ಮಾಡಿ ನಿಂತಿತ್ತು. ಬಾನೆಟ್ ಮುಚ್ಚಿತ್ತು. ಬೀಗದ ಕೈ ಅದರ ಜಾಗದಲ್ಲೇ ತೂಗಾಡುತ್ತಿತ್ತು. ಮೇಸ್ತ್ರಿಯ ಸುಳಿವಿಲ್ಲ.

"ನೋಡಿದ್ಯಾ, ಕೆಲಸಗಾರ ಅಂದ್ರೆ ಹಿಂಗಿರಬೇಕು," ಅಂದ ಭಾವ. "ನಮ್ಮ ಕಾಟ ತಪ್ಪಿದ್ದೇ ತಡ, ಮುಗಿಸೇಬಿಟ್ಟಿದಾನೆ."

"ಎಲ್ಲಿಟ್ಟ ಅಂತ ನೋಡೋಣ," ಅಂತ ಸಾಹೇಬರು ಬಾನೆಟ್ಟಿಗೆ ಕೈ ಹಾಕಿದರು.

"ಟೈಮಿಲ್ಲ ಸಾಹೇಬ್ರೇ, ಆಮೇಲೆ ನೋಡಿ!" ಐಸಣ್ಣ ಒಳಗೆ ಕೂತೇಬಿಟ್ಟ. ಕೀ ತಿರುಗಿಸುವ ಮೊದಲೇ ಇಂಜಿನ್ನು ಗುಡುಗಿತು. ತಾನು ತಿರುಗಿಸಿದೆನೋ ಇಲ್ಲವೋ ಅಂತ ಅವನಿಗೇ ಅನುಮಾನ ಬಂತು. ಬೇರೆ ದಿನವಾದರೆ ಅದರ ಬಗ್ಗೆ ಅರ್ಧ ಗಂಟೆ ಯೋಚಿಸುತ್ತಿದ್ದ.

ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ಹಮಾಲರು ಇಪ್ಪತ್ತು ಗಡ್ಡೆ ಹೇರಿ, ಗೋಣಿ ಹೊದಿಸಿ, ಟಾರ್ಪಾಲು ಕಟ್ಟಿದರು. ಗಾಡಿ ಫ್ಯಾಕ್ಟರಿಯ ಗೇಟು ದಾಟಿದಾಗ ಹನ್ನೊಂದೂ ನಲವತ್ತು. ಭಾವ ಮತ್ತು ಸಾಹೇಬರು ಸೋಲು ಗೆಲುವು ಕಣ್ಣಾರೆ ನೋಡಲು ಮುಂದಿನ ಸೀಟಿನಲ್ಲೇ ತುರುಕಿಕೊಂಡಿದ್ದರು. ಇಪ್ಪತ್ತು ನಿಮಿಷದಲ್ಲಿ ಐವತ್ತು ನಿಮಿಷದ ದಾರಿ.

ಮೊದಲನೇ ತಿರುವು ಬಂತು. ಅವನು ಅಭ್ಯಾಸಬಲದಿಂದ ಮೊದಲನೇ ಗೇರಿಗೆ ಕೈ ಹಾಕಿದ. ಗಾಡಿ ಕೆಮ್ಮಲಿಲ್ಲ. ಮೂರನೇ ಗೇರಿನಲ್ಲೇ ಹತ್ತತೊಡಗಿತು. ಜೊತೆಗೆ ಸಿಳ್ಳೆ ಶುರುವಾಯಿತು. ಸಣ್ಣ, ಉದ್ದನೆಯ, ಎಳೆದ ಸಿಳ್ಳೆ. ಯಾರೋ ಕೆಲಸ ಮಾಡುತ್ತಾ ಮೈಮರೆತು ಊದಿಕೊಳ್ಳುವ ಹಾಗಿತ್ತು.

"ಟರ್ಬೋ!" ಅಂತ ಭಾವ ಡ್ಯಾಶ್‌ಬೋರ್ಡ್ ಕುಟ್ಟಿದ. "ಕೇಳಿಸ್ತಾ? ಮುಂದೆ, ಮೇಲ್ಗಡೆ ಇಟ್ಟಿದಾನೆ. ನಾನು ಹೇಳಿದ ಜಾಗದಲ್ಲೇ!"

"ಕಿವಿ ತೋರಿಸ್ಕೊಳ್ಳಿ ಡಾಕ್ಟರಿಗೆ," ಅಂದರು ಸಾಹೇಬರು. "ಸ್ಪಷ್ಟವಾಗಿ ಹಿಂದಿನಿಂದ ಬರ್ತಿದೆ. ನಾನು ಹೇಳಿದ ಜಾಗ."

ಐಸಣ್ಣನಿಗೆ ಸಿಳ್ಳೆ ಮುಂದಿನಿಂದಲೂ ಕೇಳಿಸುತ್ತಿರಲಿಲ್ಲ, ಹಿಂದಿನಿಂದಲೂ ಇಲ್ಲ. ತನ್ನ ಬಲಗಿವಿಯ ಪಕ್ಕದಲ್ಲೇ, ಉಸಿರು ತಾಗುವಷ್ಟು ಹತ್ತಿರ ಕೇಳಿಸುತ್ತಿತ್ತು. ಆ ಕಡೆ ಬಾಗಿಲಿನ ಗಾಜು ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡನೇ ತಿರುವಿನಲ್ಲಿ ಒಳಗೆಲ್ಲ ಚಳಿಯಾಯಿತು. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಮೂವರ ಬಾಯಿಯಿಂದಲೂ ಹೊಗೆ ಬರುತ್ತಿತ್ತು.

"ಗಾಳಿ ಒತ್ತಿ ಒತ್ತಿ ತಂಪಾಗತ್ತೆ," ಅಂತ ಸಾಹೇಬರು ಹಲ್ಲು ಕಟಕಟ ಅನ್ನಿಸುತ್ತಾ ವಿವರಿಸಿದರು. "ವಿಜ್ಞಾನ."

"ಎ.ಸಿ. ಖರ್ಚು ಉಳೀತು ನೋಡು," ಅಂದ ಭಾವ, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು.

ಮೂರನೇ ತಿರುವಿನಲ್ಲಿ ಒಂದು ಎಮ್ಮೆ ರಸ್ತೆಗೆ ಅಡ್ಡ ನಿಂತಿತ್ತು. ಐಸಣ್ಣ ಹಾರ್ನ್ ಒತ್ತಿದ. ಹಾರ್ನ್ ಕೂಗಲಿಲ್ಲ. ಅದರ ಬದಲು ಸಿಳ್ಳೆ ನಿಂತು, ಒಂದು ಕ್ಷಣ ಬಿಟ್ಟು, "ಹುಯ್!" ಅಂತ ಚುರುಕಾಗಿ ಬಂತು. ಎಮ್ಮೆ ತಲೆಯೆತ್ತಿ ನೋಡಿದ್ದು ಗಾಡಿಯ ಮೂತಿಯನ್ನಲ್ಲ, ಟಾರ್ಪಾಲಿನ ಮೇಲೆ ಯಾವುದೋ ಎತ್ತರವನ್ನು. ನೋಡಿದ್ದೇ ಬಾಲ ಎತ್ತಿಕೊಂಡು ಹಳ್ಳಕ್ಕೆ ಹಾರಿತು.

"ಪ್ರಾಣಿಗಳಿಗೆ ಟರ್ಬೋ ಸದ್ದು ಆಗಿಬರಲ್ಲ," ಅಂದರು ಸಾಹೇಬರು. ಅವರ ದನಿ ಯಾಕೋ ಸಣ್ಣಗಾಗಿತ್ತು.

ಐದನೇ ತಿರುವಿನಲ್ಲಿ ಹಾಲಿನವನು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ದಿನವೂ ಹಲ್ಲು ಕಿರಿದು ಟಾಟಾ ಮಾಡುವ ಅವನು ಇವತ್ತು ಗಾಡಿಗೆ ದಾರಿ ಬಿಟ್ಟು ನಿಂತ, ತಲೆಗೆ ಸುತ್ತಿದ್ದ ಟವೆಲ್ ತೆಗೆದ, ತಲೆ ಬಾಗಿಸಿದ. ಕನ್ನಡಿಯಲ್ಲಿ ನೋಡಿದಾಗ ಅವನು ಇನ್ನೂ ಬಾಗಿಯೇ ಇದ್ದ. "ನೋಡಿದ್ಯಾ ಗೌರವ!" ಅಂತ ಭಾವ ಹೆಮ್ಮೆಪಟ್ಟ. ಐಸಣ್ಣ ಕನ್ನಡಿಯಿಂದ ಕಣ್ಣು ಕಿತ್ತುಕೊಂಡ. ಗಡಿಯಾರ ನೋಡಿದ. ಹನ್ನೊಂದೂ ನಲವತ್ತೊಂಬತ್ತು. ಭಯ ಒಂದು ಕಡೆ, ಖುಷಿ ಒಂದು ಕಡೆ. ಮನುಷ್ಯನ ಆಸೆ ಎಂಥದ್ದು ನೋಡಿ, ಹಿಂದಿನ ಗಾಜಿನ ಮೇಲೆ ಒಳಗಿನ ಹಬೆಗೆ ಐದು ಬೆರಳು ಮೂಡಿದ್ದು ಕಂಡರೂ ಅವನು ಆಕ್ಸಿಲರೇಟರಿಂದ ಕಾಲು ತೆಗೆಯಲಿಲ್ಲ.

ಹನ್ನೊಂದೂ ಐವತ್ತೆರಡಕ್ಕೆ ಪಿಕಪ್ಪು ಆಸ್ಪತ್ರೆಯ ಹಿಂದಿನ ಅಂಗಳಕ್ಕೆ ಬಂದು, ತಾನಾಗಿಯೇ ಹಿಂದಿನ ಕಟ್ಟಡದ ಬಾಗಿಲಿಗೆ ಬೆನ್ನು ಹಾಕಿ ನಿಂತಿತು. ಆಸ್ಪತ್ರೆಯ ಹಮಾಲರು ಟಾರ್ಪಾಲು ಬಿಚ್ಚಿದರು. ಇಪ್ಪತ್ತಕ್ಕೆ ಇಪ್ಪತ್ತೂ ಇಡಿ. ಒಂದು ಮೂಲೆ ಕರಗಿಲ್ಲ, ಗೋಣಿ ಒದ್ದೆಯಾಗಿಲ್ಲ. ಗಡ್ಡೆ ಮುಟ್ಟಿದ ಹಮಾಲ ಅಂಗೈ ಅಂಟಿಕೊಂಡು "ಅಯ್ಯಯ್ಯೋ" ಅಂದ. ಸಾಲಿನ ನಡುವಿನ ಒಂದು ಗಡ್ಡೆಯ ಮೇಲೆ ಮಾತ್ರ, ಯಾರೋ ಬಹಳ ಹೊತ್ತು ಕೂತು ಎದ್ದಂತೆ ನುಣ್ಣಗೆ ತಗ್ಗು ಬಿದ್ದಿತ್ತು.

ಐಸಣ್ಣ ಅದನ್ನೆಲ್ಲ ಎಲ್ಲಿ ನೋಡುತ್ತಾನೆ? ಅವನ ಕಣ್ಣು ತುಂಬಿ ಬಂದಿತ್ತು. ಗೆದ್ದಿದ್ದ! ಓಡಿ ಸ್ಟೋರಿಗೆ ಹೋದ. ಸ್ಟೋರ್ ಕೀಪರಮ್ಮ ಗಡ್ಡೆ ಎಣಿಸಿ ಬಂದು, ಅಪರೂಪಕ್ಕೆ ನಕ್ಕು, ಕರಾರು ಪತ್ರ ಮುಂದಿಟ್ಟರು.

"ಮಾತು ಅಂದ್ರೆ ಮಾತು. ಒಂದು ವರ್ಷ ಕೆಲಸ ನಿಮ್ಮ ಗಾಡಿಗೇ. ನಾಳೆಯಿಂದ ದಿನಕ್ಕೆ ಎರಡು ಟ್ರಿಪ್ಪು. ಇಲ್ಲೊಂದು ಸಹಿ ಹಾಕಿ. ಇನ್ನೊಂದು ಸಹಿ ಆಗಲೇ ಆಗಿದೆ."

ಇನ್ನೊಂದು ಸಹಿ ದೊಡ್ಡ ಡಾಕ್ಟರದ್ದು ಇರಬೇಕು ಅಂದುಕೊಂಡು ಐಸಣ್ಣ ಅವರು ಬೆರಳು ತೋರಿಸಿದ ಜಾಗದಲ್ಲಿ ಗೀಚಿದ. ಓದಲು ಅವನಿಗೆ ವ್ಯವಧಾನವೆಲ್ಲಿ. ಪತ್ರ ಮಡಚಿ ಜೇಬಿನಲ್ಲಿಟ್ಟುಕೊಂಡು, ಇಳಿಜಾರಿನುದ್ದಕ್ಕೂ ಹಾಡು ಹೇಳುತ್ತಾ ಬಂದ. ಅವನ ಹಾಡಿಗೆ ಸಿಳ್ಳೆ ತಾಳ ಹಾಕುತ್ತಿತ್ತು.

"ಇನ್ನು ನಾನು ಯಾರಿಗೂ ಸಲಾಮು ಹೊಡೆಯೋ ಹಾಗಿಲ್ಲ ಭಾವ!" ಅಂದ.

"ಸಂತೋಷ ಕಣಪ್ಪ," ಅಂತ ಭಾವ ಸಪ್ಪಗೆ ಹೇಳಿದ.

ಗ್ಯಾರೇಜು ತಲುಪಿದಾಗ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಮೇಸ್ತ್ರಿ, ನಿಮ್ಮ ಕೈಗೆ ಬಂಗಾರದ ಕಡಗ ತೊಡಿಸ್ಬೇಕು!" ಐಸಣ್ಣ ಇಳಿದು ಅವನನ್ನು ತಬ್ಬಿಕೊಂಡ. "ಹನ್ನೆರಡು ನಿಮಿಷ! ಹೇಳಿ, ಎಲ್ಲಿ ಕೂರಿಸಿದ್ರಿ? ಮುಂದಾ, ಹಿಂದಾ?"

"ಹಿಂದೆ ಅಂತ ಹೇಳಿ ಇವರಿಗೆ," ಅಂದರು ಸಾಹೇಬರು.

"ಮುಂದೆ ಅಂತ ಹೇಳಿ," ಅಂದ ಭಾವ.

ಮೇಸ್ತ್ರಿ ಬೆನ್ನ ಹಿಂದಿದ್ದ ಕೈಯನ್ನು ನಿಧಾನವಾಗಿ ಮುಂದೆ ತಂದ. ಹಳೇ ಬಟ್ಟೆಯಲ್ಲಿ ಸುತ್ತಿದ ಟರ್ಬೋ ಅದರಲ್ಲಿತ್ತು.

"ನಾನು ಕೂರಿಸೇ ಇಲ್ಲ," ಅಂದ. "ನೀವು ತೀರ್ಮಾನ ಮಾಡಿ ಬರ್ಲಿ ಅಂತ ಪೈಪಿನ ಸಂದಿಗೆ ಹಾಕೋ ಪ್ಯಾಕಿಂಗ್ ತರೋಕ್ಕೆ ಪೇಟೆಗೆ ಹೋಗಿದ್ದೆ. ಬಂದು ನೋಡಿದ್ರೆ ಗಾಡಿ ಇಲ್ಲ. ಬಾನೆಟ್ ತೆಗೆದು ಜಾಕ್ ಮೇಲೆ ನಿಲ್ಲಿಸಿದ್ದೆ ಕಣೋ ಅದನ್ನ. ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಾಕಿದ್ದೆ. ಅಲ್ಲಿ ನೋಡು."

ಬೆಂಚಿನ ಮೇಲೆ ಬ್ಯಾಟರಿ ಇತ್ತು. ಚಾರ್ಜರಿನ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ಸಾಹೇಬರು ಪಿಕಪ್ಪಿನ ಬಾನೆಟ್ ಎತ್ತಿದರು. ಬ್ಯಾಟರಿ ಇರಬೇಕಾದ ಜಾಗದಲ್ಲಿ ಖಾಲಿ ತಟ್ಟೆ, ಅದರ ಪಕ್ಕ ಎರಡು ವೈರು ಜೋತುಬಿದ್ದಿದ್ದವು. ಆದರೂ ಇಂಜಿನ್ನು ಗುರುಗುಟ್ಟುತ್ತಲೇ ಇತ್ತು. ಐಸಣ್ಣ ಕೀ ಕೈಯಲ್ಲಿ ಹಿಡಿದುಕೊಂಡೇ ಇಳಿದಿದ್ದ.

ಸಾಹೇಬರು ವಿಜ್ಞಾನ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಆ ಪತ್ರ ತೆಗಿ," ಅಂದ ಭಾವ ಪಿಸುದನಿಯಲ್ಲಿ. "ಇನ್ನೊಂದು ಸಹಿ ಯಾರದ್ದು ನೋಡು."

ಐಸಣ್ಣ ಪತ್ರ ಬಿಡಿಸಿದ. ಮುದ್ದಾದ ಅಕ್ಷರಗಳಲ್ಲಿ ಮೂರು ಸಾಲು ಇದ್ದವು. 'ವಾಹನದ ಮಾಲೀಕರು' ಅಂತ ಬರೆದ ಕಡೆ, ನೀರು ಹರಿದು ಒಣಗಿದಂಥ ಬೂದು ಬಣ್ಣದ ಸಹಿ. ಅದರ ಕೆಳಗೆ 'ಚಾಲಕ' ಅಂತ ಬರೆದ ಕಡೆ, ಅವನದೇ ಗೀಚು. ಅದಕ್ಕೂ ಕೆಳಗೆ: 'ಚಾಲಕನನ್ನು ಒಂದು ವರ್ಷದವರೆಗೆ ಬದಲಾಯಿಸತಕ್ಕದ್ದಲ್ಲ. ಚಾಲಕನೂ ಕೆಲಸ ಬಿಡತಕ್ಕದ್ದಲ್ಲ.'

ಅವನು ಸ್ಟೋರ್ ಕೀಪರಮ್ಮನಿಗೆ ಫೋನ್ ಹಚ್ಚಿದ.

"ಮೇಡಂ, ಮಾಲೀಕರ ಸಹಿ ಹಾಕಿದ್ದು ಯಾರು?"

"ಏನ್ರೀ ಇದು? ದಿನಾ ಅವರ ಗಾಡಿ ಓಡಿಸ್ತೀರಾ, ಮಾಲೀಕರು ಯಾರು ಅಂತ ನನ್ನ ಕೇಳ್ತೀರಾ? ಹಿಂದೆ ಐಸ್ ಮೇಲೆ ಕೂತ್ಕೊಂಡು ಬಂದ್ರಲ್ಲ, ಬಿಳೀ ಬಟ್ಟೆ ಹಾಕ್ಕೊಂಡು! ಅಂಥ ದೊಡ್ಡ ಮನುಷ್ಯರನ್ನ ಹಿಂದೆ ಕೂರಿಸಿ ನೀವು ಮೂರು ಜನ ಮುಂದೆ ಆರಾಮಾಗಿ ಕೂತಿದ್ರಿ. ನೋಡಿ ನನಗೇ ನಾಚಿಕೆ ಆಯ್ತು."

"ಅವರು... ಏನಾದ್ರೂ ಹೇಳಿದ್ರಾ ಮೇಡಂ?"

"ನಿಮ್ಮ ಬಗ್ಗೆ ಒಳ್ಳೇದೇ ಹೇಳಿದ್ರಪ್ಪ. ಹುಡುಗ ಪ್ರಾಮಾಣಿಕ, ಆದರೆ ಯಾವುದನ್ನೂ ತೀರ್ಮಾನ ಮಾಡಲ್ಲ. ವರ್ಷದಿಂದ ನೋಡಿ ನೋಡಿ ಸಾಕಾಯ್ತು, ಇನ್ನು ಮೇಲೆ ಎಲ್ಲಾ ನಾನೇ ನೋಡ್ಕೋತೀನಿ ಅಂದ್ರು. ದಿನಾ ಮಧ್ಯಾಹ್ನ ನಮ್ಮ ಹಿಂದಿನ ಕಟ್ಟಡದ ಹತ್ರ ನಿಮ್ಮ ಖಾಲಿ ಗಾಡಿ ಹತ್ಕೊಂಡು ಕೆಳಗೆ ಹೋಗ್ತಾರಂತೆ, ಬೆಳಿಗ್ಗೆ ಐಸ್ ಜೊತೆ ವಾಪಸ್ ಬರ್ತಾರಂತೆ. ಅಲ್ಲಿ ಅವರಿಗೇನು ಕೆಲಸ ಅಂತ ನಾನು ಕೇಳೋಕ್ಕೆ ಹೋಗಲಿಲ್ಲ. ನಾಳೆ ಎಂಟಕ್ಕೆಲ್ಲ ಬಂದ್ಬಿಡಿ." ಫೋನು ಕಟ್ಟಾಯಿತು.

ವರ್ಷವಿಡೀ ಇಳಿಜಾರಿನಲ್ಲಿ ಒಬ್ಬನೇ ಬರುತ್ತಿದ್ದೇನೆ ಅಂದುಕೊಂಡು ತಾನು ಹೇಳಿಕೊಂಡಿದ್ದ ಹಾಡುಗಳು, ಹೆಂಡತಿಯ ಬಗ್ಗೆ ಆಡಿಕೊಂಡಿದ್ದ ಮಾತುಗಳು, ಎಲ್ಲ ಐಸಣ್ಣನಿಗೆ ಒಟ್ಟಿಗೇ ನೆನಪಾದವು. ಅವನು ಭಾವನ ಎರಡೂ ಕೈ ಹಿಡಿದುಕೊಂಡ.

"ಭಾವ, ನಿಮ್ಮ ಅಂಗಡಿಗೇ ಬರ್ತೀನಿ. ನಾಳೆಯಿಂದಾನೇ ಬರ್ತೀನಿ. ಬಾಗಿಲು ಗುಡಿಸ್ತೀನಿ, ಟೀ ತರ್ತೀನಿ, ನೀವು ಏನು ಅಂದ್ರೂ ಅನ್ನಿಸ್ಕೋತೀನಿ."

ಭಾವ ಮೆಲ್ಲಗೆ ಕೈ ಬಿಡಿಸಿಕೊಂಡ. ಒಮ್ಮೆ ಪಿಕಪ್ಪಿನ ಹಿಂಭಾಗದ ಕಡೆ ನೋಡಿ, ತಗ್ಗಿಸಿದ ದನಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ: "ಬೇಡ ಕಣಪ್ಪ. ಬೇರೆಯವರ ಹತ್ರ ಕೆಲಸಕ್ಕಿರೋನ್ನ ನಾನು ಎಳ್ಕೊಂಡೆ ಅಂತ ಅವರು ಬೇಜಾರು ಮಾಡ್ಕೋಬಾರ್ದಲ್ಲ."

ಸಾಹೇಬರು 'ಮನೇಲಿ ಒಲೆ ಮೇಲೆ ಹಾಲಿದೆ' ಅಂತ ಹೇಳಿ ಆಗಲೇ ಹೊರಟಿದ್ದರು. ಮೇಸ್ತ್ರಿ ಮಾತ್ರ ಟರ್ಬೋ ಹಿಡಿದು ನಿಂತೇ ಇದ್ದ. ಪಾಪ, ಕೆಲಸಗಾರ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ.

"ಐಸಣ್ಣ," ಅಂದ, "ಕೊನೇ ಸಲ ಕೇಳ್ತಿದೀನಿ. ಇದನ್ನ ಎಲ್ಲಿ ಕೂರಿಸಲಿ?"

ಐಸಣ್ಣ ಪಿಕಪ್ಪಿನ ಕಡೆ ನೋಡಿದ. ಈ ಸಲ ಅವನಿಗೆ ಉತ್ತರ ಥಟ್ಟನೆ ಹೊಳೆಯಿತು, ಬದಲಾಯಿಸುವ ಮನಸ್ಸೂ ಬರಲಿಲ್ಲ.

"ನನ್ನನ್ನ ಯಾಕೆ ಕೇಳ್ತೀರಾ ಮೇಸ್ತ್ರಿ? ಮಾಲೀಕರನ್ನ ಕೇಳಿ."

ಗಾಡಿಯ ಹಿಂಬದಿಯಿಂದ ಒಂದು ಸಣ್ಣ ಸಿಳ್ಳೆ ಬಂತು. ಈ ಸಲ ಅದು ಹಾಡಿನದಲ್ಲ, ಕರೆಯುವುದು. ಐಸಣ್ಣ ಅಂಗಿಯ ಗುಂಡಿ ಹಾಕಿಕೊಂಡು, ಕೈ ಕಟ್ಟಿ, ಬೆನ್ನು ಬಗ್ಗಿಸಿ ಆ ಕಡೆ ಓಡಿದ.

"ಬಂದೆ ಸಾರ್," ಅಂದ.